ಕಿವಿಯೊಳಗಿನ ಹತ್ತಿ

ಅನುಮಾನ ಮೊದಲು ಹುಟ್ಟಿದ್ದು ನನ್ನ ತಲೆಯಲ್ಲಲ್ಲ, ನಮ್ಮವ್ವನ ಮೂಗಿನಲ್ಲಿ. ಅದಕ್ಕೆ ಹಾಲೂಡಿಸಿ, ತೊಟ್ಟಿಲು ತೂಗಿ, ದೊಡ್ಡದು ಮಾಡಿದವನು ಮಾತ್ರ ನಾನೇ.

ಐವತ್ತೊಂಬತ್ತರ ಕಾರ್ತಿಕ ಮಾಸ. ಹರಿಹರದ ಹೊಳೆ ಕಡೆಯ ಓಣಿಯಲ್ಲಿ ನಮ್ಮ ಮನೆ. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ನನ್ನ ಹೆಂಡತಿ ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅವಳ ಪೂರ್ತಿ ಹೆಸರು ಮರುಳಸಿದ್ದಮ್ಮ. ಮದುವೆಯ ದಿನ ಗೆಳೆಯರು ನಿಮ್ಮಿಬ್ಬರಲ್ಲಿ ಮರುಳು ಯಾರು, ಸಿದ್ಧ ಯಾರು ಎಂದು ಕೆಣಕಿದಾಗ, ಮರುಳಾದವನು ನಾನು, ಸಿದ್ಧಳಾದವಳು ಅವಳು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳು ಎಂ. ಸಿದ್ದಮ್ಮ, ಮರುಳನ್ನು ಒಂದಕ್ಷರಕ್ಕೆ ಇಳಿಸಿದ್ದರು.

ಹಾಲೇಶಪ್ಪನ ಮನೆ ಎಂದರೆ ಓಣಿಯಲ್ಲಿ ಯಾರೂ ತಕ್ಷಣ ತೋರಿಸುತ್ತಿರಲಿಲ್ಲ. ದನಿ ತೆಗೆಯೋ ಮೇಷ್ಟ್ರ ಮನೆ ಎಂದರೆ ಕೈಹಿಡಿದು ತಂದು ಬಿಡುತ್ತಿದ್ದರು. ಹೆಡ್‌ಮಾಸ್ತರು ಮೂಗಿನಿಂದ ಬೈಯುವುದು, ಬಸ್ಸಿನ ಕಂಡಕ್ಟರು ಊರುಗಳ ಹೆಸರನ್ನು ಒಂದೇ ಉಸಿರಿಗೆ ಉಗುಳುವುದು, ನಮ್ಮವ್ವ ತರಕಾರಿಯವಳೊಡನೆ ಕಾದಾಡುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಸಂಜೆ ಊಟಕ್ಕೆ ಮುಂಚೆ ಮನೆಯಲ್ಲಿ ಒಂದು ಆಟ ಆಗಲೇಬೇಕು. ಐದು ವರ್ಷದ ಮಗಳು ಕೆಂಚಿ, ಎರಡು ವರ್ಷದ ಮಗ, ಇಬ್ಬರೂ ನೆಲಕ್ಕೆ ಬಿದ್ದು ನಗುವರು. ಮೊದಮೊದಲು ಸಿದ್ದಮ್ಮನೂ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದಳು. ಶ್ರಾವಣದಿಂದ ಈಚೆಗೆ ಆಟದ ಮಧ್ಯದಲ್ಲೇ ಎದ್ದು ಹೋಗುತ್ತಿದ್ದಳು. ನಟನಾದವನಿಗೆ ಪ್ರೇಕ್ಷಕರು ಎದ್ದುಹೋದರೆ ಆಗುವ ಉರಿ ಗಂಡನಾದವನಿಗೆ ಆಗುವುದಿಲ್ಲ. ನಾನು ಎರಡೂ ಆಗಿದ್ದೆನಲ್ಲ, ಎರಡು ಪಾಲು ಉರಿಯಿತು.

ನಮ್ಮವ್ವ ಉಡಚಮ್ಮ ಕೊಕ್ಕನೂರಿನ ಹೊಲದಲ್ಲಿ ಬದುಕು ಕಳೆದು, ಅಪ್ಪ ಹೋದ ಮೇಲೆ ನಮ್ಮೊಡನೆ ಇರಲು ಬಂದವಳು. ಹೆರಿಗೆ ಮಾಡಿಸಿ ಬಂದವರಿಗೆ ಪುರುಡಿನ ಮೈಲಿಗೆ ಅಂಟಿರುತ್ತದೆ, ಸ್ನಾನವಾಗದೆ ಅವರು ಮನೆಯನ್ನೂ ಮಕ್ಕಳನ್ನೂ ಮುಟ್ಟಬಾರದು ಎಂಬುದು ಅವಳ ಕಾನೂನು. ಸಿದ್ದಮ್ಮ ದಿನವೂ ಹಿತ್ತಿಲ ಬಾಗಿಲಿನಿಂದಲೇ ಬರಬೇಕು. ಬಚ್ಚಲಲ್ಲಿ ಹಂಡೆ ಕಾದಿರುತ್ತಿತ್ತು. ಅವ್ವ ಮೂರು ಮೊಳ ದೂರ ನಿಂತು, ಸೊಸೆಗೆ ತಾಗದಂತೆ ತಂಬಿಗೆಯಿಂದ ನೀರು ಎರಚುವಳು. ಕಿಟ್ಟ ಹಿಡಿದ ಪಾತ್ರೆ ತೊಳೆಯುವ ಹಾಗೆ. ಮಕ್ಕಳು ಹಿತ್ತಿಲ ಹೊಸ್ತಿಲಲ್ಲಿ ನಿಂತು ತಮ್ಮ ತಾಯಿ ಶುದ್ಧವಾಗುವುದನ್ನು ಕಾಯುವರು. ಏಳು ವರ್ಷ ಇದು ಹೀಗೇ ನಡೆದಿತ್ತು. ಸಿದ್ದಮ್ಮ ಒಂದು ದಿನವೂ ತಕರಾರು ಮಾಡಿದವಳಲ್ಲ. ಅದು ಅವಳಿಗೆ ಒಪ್ಪಿಗೆ ಎಂದು ನಾವು ತಿಳಿದಿದ್ದೆವು.

ಒಂದು ಮಂಗಳವಾರ ಅವ್ವ ನನ್ನನ್ನು ಹಿತ್ತಿಲಿಗೆ ಕರೆದು, ದನಿ ತಗ್ಗಿಸಿದಳು.

"ಲೇ ಹಾಲೇಶ, ನಿನ್ನ ಹೆಂಡ್ತಿ ತಲೀ ಮೂಸಿ ನೋಡು. ನಾ ಹೇಳಾದು ಬ್ಯಾಡ, ನಿನ್ನ ಮೂಗೇ ಹೇಳ್ತೈತೆ."

ಹೆಂಡತಿಯ ತಲೆ ಮೂಸುವುದಕ್ಕೂ ಒಂದು ನೆಪ ಬೇಕು. ಒಳಗೆ ಹೋಗಿ, ಜಡೆಗೆ ಏನೋ ಕಸ ಅಂಟಿದೆ ಎಂದು ಬಗ್ಗಿದೆ. ಜಡೆ ಬುಡದವರೆಗೂ ಒದ್ದೆ. ಅವ್ವ ಅಂದು ಕಾಲಿಗೆ ಎರಡು ತಂಬಿಗೆ ಮಾತ್ರ ಸುರಿದಿದ್ದಳು, ಏಕೆಂದರೆ ಸಿದ್ದಮ್ಮ ಸ್ನಾನ ಆಸ್ಪತ್ರೆಯಲ್ಲೇ ಆಯಿತು ಎಂದಿದ್ದಳು. ಕೂದಲೊಳಗೆ ಲೋಬಾನದ ಹೊಗೆ, ಓಂಕಾಳು, ಸುಟ್ಟ ಬೆಳ್ಳುಳ್ಳಿ ಸಿಪ್ಪೆ. ಆಸ್ಪತ್ರೆ ಎಂದರೆ ಫಿನಾಯಿಲಿನ ವಾಸನೆ ಬರಬೇಕಲ್ಲ?

ನಾನು ಹೊರಗೆ ಬಂದಾಗ ಅವ್ವ ತೀರ್ಪು ಸಿದ್ಧ ಮಾಡಿಕೊಂಡು ಕೂತಿದ್ದಳು. ಅದು ಬಾಣಂತಿ ನೀರಿನ ವಾಸನೆಯಂತೆ. ಹಡೆದವಳನ್ನು ಹಲಗೆಯ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಸುಡುಸುಡು ನೀರು ಹಾಕಿ, ಕೆಂಡದ ಮೇಲೆ ಲೋಬಾನ ಉದುರಿಸಿ ತಲೆ ಒಣಗಿಸುತ್ತಾರಲ್ಲ, ಅದರದ್ದೇ. ಎಂಟು ಹಡೆದು ಮೂರು ಉಳಿಸಿಕೊಂಡವಳಿಗೆ ಆ ವಾಸನೆ ತಪ್ಪಲು ಸಾಧ್ಯವಿಲ್ಲವಂತೆ. ಮಂಗಳವಾರ, ಶನಿವಾರ, ವಾರಕ್ಕೆ ಎರಡು ದಿನ ಈ ವಾಸನೆ ಹೊತ್ತು ಬರುತ್ತಾಳಂತೆ, ಆ ಎರಡು ದಿನ ತಡವಾಗಿಯೂ ಬರುತ್ತಾಳಂತೆ.

"ಸುಮ್‌ಸುಮ್ನೆ ಬಾಣಂತಿ ನೀರು ಯಾರು ಹಾಕ್ಕಂತಾರಪ್ಪ? ಹಡೆದೋಳು. ಇಲ್ಲಾ ಕಳಕಂಡೋಳು," ಎಂದ ಅವ್ವ ಒಂದು ಗಳಿಗೆ ನಿಲ್ಲಿಸಿದಳು. "ಇಲ್ಲಾ ಕಳಿಸ್ಕಂಡೋಳು."

ಆ ಕೊನೆಯ ಮಾತು ಬಚ್ಚಲ ಹೊಗೆಯ ಹಾಗೆ ಮನೆ ತುಂಬಿತು. ನಾನು ಮನಸ್ಸಿನಲ್ಲೇ ಹಿಂದಕ್ಕೆ ದಿನ ಎಣಿಸತೊಡಗಿದೆ. ಶ್ರಾವಣದಲ್ಲಿ ಅವಳು ಎರಡು ರಾತ್ರಿ ಮನೆಗೆ ಬಂದಿರಲಿಲ್ಲ. ಜೊತೆಯವಳಿಗೆ ಜ್ವರ, ಡಬಲ್ ಡ್ಯೂಟಿ ಎಂದು ಬಸ್ಸಿನವರ ಕೈಯಲ್ಲಿ ಚೀಟಿ ಕಳಿಸಿದ್ದಳು. ಬಂದ ಮೇಲೆ ನಾಲ್ಕು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಗ ಅದನ್ನು ಆಯಾಸ ಎಂದುಕೊಂಡಿದ್ದೆ. ಈಗ ಅದಕ್ಕೆ ಬೇರೆ ಹೆಸರು ಹೊಳೆಯಿತು. ನಾನು ಗಂಡ, ಬಸಿರು ಕಳೆದುಕೊಂಡದ್ದೇ ಆಗಿದ್ದರೆ ನನಗೇಕೆ ಹೇಳಲಿಲ್ಲ? ಬೇಕೆಂದೇ ತೆಗೆಸಿಕೊಂಡದ್ದಾಗಿದ್ದರೆ, ಯಾರದು?

ಇಂಥ ಪ್ರಶ್ನೆಗೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ನನಗೆ ಸಿಕ್ಕಿದವನು ಆಸ್ಪತ್ರೆಯ ಕಂಪೌಂಡರ್ ಕರಿಬಸವರಾಜ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ; ಗುಂಗುರು ಕೂದಲು, ಮಾತಿನ ನಡುವೆ ಹಾಡಿನ ರಾಗ. ಆ ಸಂಜೆಯ ಆಟದಲ್ಲಿ ಅವನ ದನಿ ತೆಗೆದೆ. ದಿನಕ್ಕೆ ಮೂರು ಸಲ, ಊಟಾದ ಮ್ಯಾಲೆ, ಬಾಟ್ಲಿ ಅಲ್ಲಾಡಿಸಿ ಕುಡೀರಿ ಎಂದು ರಾಗವಾಗಿ ಹೇಳಿ, ಓರೆಗಣ್ಣಿಂದ ಹೆಂಡತಿಯ ಮುಖ ನೋಡಿದೆ. ಅವಳು ಮಗನಿಗೆ ಅನ್ನ ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. ತಲೆ ಎತ್ತದ್ದೇ ಸಾಕ್ಷಿ ಎಂದುಕೊಂಡೆ. ಎತ್ತಿದ್ದರೆ ಅದೂ ಸಾಕ್ಷಿಯಾಗುತ್ತಿತ್ತು.

ಅನ್ನ ಕಲಸುವಾಗ ಅವಳು ಸೆರಗು ಸರಿಮಾಡಿಕೊಂಡಳು. ಆಗ ಎಡಗಿವಿಯೊಳಗೆ ಒಂದು ಚೂರು ಹತ್ತಿ ಕಂಡಿತು. ಬಾಣಂತಿಗೆ ಗಾಳಿ ಹೊಗದಿರಲಿ ಎಂದು ಇಡುವ ಹತ್ತಿ, ತೆಗೆಯಲು ಮರೆತಿದ್ದಳು. ದಾವಣಗೆರೆಯಲ್ಲಿ ಹತ್ತಿಗೇನು ಬರ, ಗಾಳಿಯಲ್ಲೇ ಹಾರಾಡುತ್ತದೆ, ಒಂದಿಷ್ಟು ಕಿವಿಗೂ ಹತ್ತಿರಬಹುದು ಎಂದು ನನಗೆ ನಾನೇ ಚಟಾಕಿ ಹಾರಿಸಿದೆ. ನಗು ಬರಲಿಲ್ಲ. ಎಲ್ಲಿಂದ ಬಂತು ಹತ್ತಿ ಎಂದು ಕೇಳಿದೆ. ಅವಳು ಕೈಯನ್ನು ಕಿವಿಗೆ ಒಯ್ದು, ತೆಗೆದು, ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆಸ್ಪತ್ರೆಯದು ಎಂದಳು. ಮುಷ್ಟಿ ಮಾತ್ರ ಬಹಳ ಹೊತ್ತು ಬಿಚ್ಚಲಿಲ್ಲ.

ಮರುದಿನ ಅವಳು ನೀರಿಗೆ ಹೋದಾಗ ಅವಳ ರೆಕ್ಸಿನ್ ಚೀಲ ತೆಗೆದು ನೋಡಿದೆ. ಒಂದು ಹಳೆಯ ಸೀರೆ, ಇನ್ನೂ ತೇವ. ಸೀಗೇಪುಡಿಯ ಪೊಟ್ಟಣ. ತಲೆಗೆ ಬಿಗಿದು ಕಟ್ಟುವ ಬಟ್ಟೆ. ಎಲ್ಲವನ್ನೂ ಇದ್ದ ಹಾಗೇ ಮಡಿಸಿಟ್ಟೆ. ಅವ್ವನಿಗೆ ವರದಿ ಒಪ್ಪಿಸಿದೆ. ಇನ್ನು ಕೆಲಸ ಬಿಡಿಸುವುದೊಂದೇ ದಾರಿ ಎಂದಳು ಅವ್ವ. ಮನೆಯಲ್ಲಿದ್ದರೆ ಕಣ್ಣ ಮುಂದೆ ಇರುತ್ತಾಳೆ. ನಾನು ಒಂದು ಕಾಗದ ತೆಗೆದುಕೊಂಡು, ಸ್ವಂತ ಕಾರಣಗಳಿಂದ ನಾನು ನೌಕರಿಗೆ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಸಿದ್ದಮ್ಮನ ಪರವಾಗಿ ಬರೆದು, ಸಹಿಗೆ ಜಾಗ ಬಿಟ್ಟು, ಜೇಬಿನಲ್ಲಿಟ್ಟುಕೊಂಡೆ. ಸ್ವಂತ ಕಾರಣ ಯಾರ ಸ್ವಂತ ಎಂದು ಆಗ ನನಗೆ ಹೊಳೆಯಲಿಲ್ಲ.

ಆದರೂ ಮೇಷ್ಟ್ರಲ್ಲವೇ, ಶಿಕ್ಷೆಗೆ ಮುಂಚೆ ಪುರಾವೆ ಬೇಕು. ಗುರುವಾರ ಅರ್ಧ ದಿನ ರಜೆ ಹಾಕಿ ದಾವಣಗೆರೆಗೆ ಹೋದೆ. ನನ್ನ ಜೊತೆ ಕಾಲೇಜಿನಲ್ಲಿ ಓದಿದ ಅಲ್ಲಾಬಕ್ಷ್ ಮಂಡಿಪೇಟೆಯ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಲ್ಲಿ ಫೋನು ಇತ್ತು. ಸಾಹುಕಾರರು ಊಟಕ್ಕೆ ಹೋದ ಹೊತ್ತಿನಲ್ಲಿ ಆಸ್ಪತ್ರೆಗೆ ಫೋನು ಹಚ್ಚಿಸಿದೆ. ಮೊದಲು ಮೂಗಿನಲ್ಲಿ ಟ್ರಂಕ್ ಕಾಲು ಜೋಡಿಸುವ ಹೆಂಗಸಾದೆ: ದುರ್ಗದಿಂದ ಕರೆ, ಮಾತಾಡ್ರಿ. ಆಮೇಲೆ ಗಂಟಲು ಒಡೆದು, ಜಿಲ್ಲೆಯ ಆಸ್ಪತ್ರೆಗಳನ್ನೆಲ್ಲ ನೋಡಿಕೊಳ್ಳುವ ದುರ್ಗದ ದೊಡ್ಡ ಆಫೀಸಿನ ಹೆಡ್ ಗುಮಾಸ್ತನಾದೆ. ಬಾಯಲ್ಲಿ ಎಲೆ ಅಡಿಕೆ ಇರುವ, ಪ್ರತಿ ಮಾತಿಗೂ ಮುಂಚೆ ಉಗುಳು ನುಂಗುವ ಗುಮಾಸ್ತ. ಅಲ್ಲಾಬಕ್ಷ್ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ.

ಆ ಕಡೆ ಮೇಟ್ರನ್ ನಾಗರತ್ನಮ್ಮ. ನರ್ಸುಗಳಿಗೆಲ್ಲ ದೊಡ್ಡವರು, ಮಾತು ಗಂಜಿ ಹಾಕಿದ ಬಟ್ಟೆಯ ಹಾಗೆ. ನರ್ಸ್ ಎಂ. ಸಿದ್ದಮ್ಮನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದೆ. ಎರಡಕ್ಕೆ ಎಂದರು. ಮಂಗಳವಾರ, ಶನಿವಾರವೂ? ಎಲ್ಲಾ ದಿನವೂ ಎರಡಕ್ಕೆ. ಎರಡೂವರೆಯ ಬಸ್ಸು ಹಿಡಿದರೆ ಮೂರೂಕಾಲಿಗೆ ಮನೆ. ಆ ಎರಡು ದಿನ ಅವಳು ಬರುತ್ತಿದ್ದುದು ಐದಕ್ಕೆ.

ನಾನು ಅಲ್ಲಿಗೆ ಫೋನು ಇಡಬೇಕಿತ್ತು. ಆದರೆ ದನಿ ಚೆನ್ನಾಗಿ ಕೂತಿತ್ತು. ಚೆನ್ನಾಗಿ ಕೂತ ದನಿಯನ್ನು ಎಬ್ಬಿಸಲು ನಮ್ಮಂಥವರಿಗೆ ಮನಸ್ಸು ಬರುವುದಿಲ್ಲ. ಮೇಟ್ರನ್ನರು ದನಿ ಇಳಿಸಿ, ಏನಾದರೂ ದೂರು ಬಂದಿದೆಯೇ ಎಂದು ಕೇಳಿದಾಗ, ಗುಮಾಸ್ತ ಎಲೆ ಅಡಿಕೆ ಜಗಿದು, "ಬಂದೈತೆ. ಆಯಮ್ಮನ ಕಡೆಯಿಂದ ಲಿಖಿತ ಸಮಜಾಯಿಷಿ ತಗಂಡು ಇಟ್ಟಿರ್ರಿ," ಎಂದುಬಿಟ್ಟ. ನಾನಲ್ಲ, ಅವನು. ಫೋನು ಇಟ್ಟ ಮೇಲೆ ಅಲ್ಲಾಬಕ್ಷ್ ನಗಲಿಲ್ಲ. ಕಡೆಯ ಮಾತು ಜಾಸ್ತಿ ಆಯಿತು ಮೇಷ್ಟ್ರೇ ಎಂದ.

ಶುಕ್ರವಾರ ಸಂಜೆ ಸಿದ್ದಮ್ಮ ರೊಟ್ಟಿ ಸೀಯಿಸಿದಳು. ಒಂದಲ್ಲ, ಮೂರು. ಹಂಚಿನ ಮುಂದೆ ಕೂತು ಎಲ್ಲೋ ನೋಡುತ್ತಿದ್ದಳು. ಕೆಂಚಿ ಬಂದು ತೊಡೆಯ ಮೇಲೆ ಕೂತರೆ, ಅವಳ ಎರಡೂ ಕೈ ಮಗುವನ್ನು ಮುಟ್ಟದೆ ಗಾಳಿಯಲ್ಲಿ ನಿಂತವು. ಅವ್ವ ನನ್ನ ಕಡೆ, ನಾನು ಅವ್ವನ ಕಡೆ ನೋಡಿದೆವು. ಪಾಪ ಕಾಡುತ್ತಿದೆ ಎಂದು ನಮ್ಮಿಬ್ಬರ ಕಣ್ಣೂ ಒಂದೇ ಮಾತಾಡಿದವು. ಪಾಪ ಕಾಡುತ್ತಿದ್ದುದು ನಿಜ. ಯಾರದು ಎನ್ನುವುದರಲ್ಲಿ ಮಾತ್ರ ನಮ್ಮ ಲೆಕ್ಕ ತಪ್ಪಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಒಂದೂವರೆಗೆಲ್ಲ ದಾವಣಗೆರೆಯಲ್ಲಿದ್ದೆ. ಆಸ್ಪತ್ರೆ ಗೇಟಿನೆದುರು ಸೈಕಲ್ ಶಾಪಿನ ಮರೆಯಲ್ಲಿ ನಿಂತೆ. ಎರಡು ಹೊಡೆದು ಹತ್ತು ನಿಮಿಷಕ್ಕೆ ಸಿದ್ದಮ್ಮ ಹೊರಬಂದಳು. ಬಿಳಿ ಸೀರೆ, ಕೈಯಲ್ಲಿ ಅದೇ ಚೀಲ. ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ದುಗ್ಗಮ್ಮನ ಗುಡಿಯ ದಾರಿ ಹಿಡಿದು, ಹಳೇ ಊರಿನ ಸಂದಿಗಳೊಳಗೆ ಹೊಕ್ಕಳು. ಇಪ್ಪತ್ತು ಮಾರು ಬಿಟ್ಟು ನಾನು. ಅವಳ ನಡಿಗೆಯನ್ನು ಹಿಂದಿನಿಂದ ಇಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಯಾವಾಗಿನಿಂದ?

ಮಾಳಿಗೆ ಮನೆಯೊಂದರ ಬಾಗಿಲು ತಟ್ಟಿದಳು. ಅದೇ ಹೊತ್ತಿಗೆ ಒಳಗಿನಿಂದ ಇನ್ನೊಬ್ಬ ಹೆಂಗಸು ಹೊರಬಂದಳು. ಅವಳ ತಲೆಯೂ ಒದ್ದೆ, ಕೈಯಲ್ಲಿ ಮಡಿಸಿದ ಬಿಳಿ ಸೀರೆ. ಇಬ್ಬರೂ ಮಾತಾಡದೆ ಒಬ್ಬರ ಭುಜ ಒಬ್ಬರು ಮುಟ್ಟಿ, ಒಬ್ಬಳು ಹೊರಗೆ, ಒಬ್ಬಳು ಒಳಗೆ. ಬಾಗಿಲು ಮುಚ್ಚಿತು. ಹಾಗಾದರೆ ಒಬ್ಬಳ ಸಂಗತಿ ಅಲ್ಲ. ಇದು ಒಂದು ಅಡ್ಡೆ.

ಸುತ್ತು ಹಾಕಿ ಹಿಂದಿನ ಸಂದಿಗೆ ಹೋದೆ. ಬಚ್ಚಲ ಗೋಡೆ, ಮೇಲೆ ಹೊಗೆಗಿಂಡಿ. ಅದರಿಂದ ಲೋಬಾನದ ಹೊಗೆ ಬರುತ್ತಿತ್ತು. ಗೋಡೆಗೆ ಕಿವಿ ಕೊಟ್ಟು ನಿಂತೆ. ನೀರು ಸುರಿಯುವ ಸದ್ದು. ಯಾರೋ ಮೈ ತಿಕ್ಕುವ ಸದ್ದು. ಆಮೇಲೆ ಒಂದು ಕೂಗು ಬಂತು. ಉದ್ದ, ಹೊಟ್ಟೆಯ ತಳದಿಂದ ಎದ್ದದ್ದು, ಹೆರಿಗೆಯ ಕೂಗಿನಂಥದ್ದು. ಊರಿನ ಅರ್ಧ ದನಿಗಳನ್ನು ಬಲ್ಲ ನನಗೆ ಅದು ಯಾರದೆಂದು ಗುರುತು ಸಿಗಲು ತುಸು ಹೊತ್ತು ಬೇಕಾಯಿತು. ಸಿದ್ದಮ್ಮ ಅಳುತ್ತಿದ್ದಳು.

ಇನ್ನೊಂದು ದನಿ, ಮುದುಕಿಯದು: "ಅಳವ್ವ. ಇನ್ನೂ ಐತೆ ಒಳಗ. ಅಳು."

ಎಷ್ಟು ಹೊತ್ತು ನಿಂತೆನೋ. ಕಾಲು ಸುಮ್ಮನಿರದೆ ಸಂದಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಹಿಂಬಾಗಿಲು ತೆರೆದು ಮುದುಕಿಯೊಬ್ಬಳು ಬೂದಿ ಚೆಲ್ಲಲು ಬಂದಳು. ಗಿಡ್ಡ ದೇಹ, ಮೊಣಕೈವರೆಗೂ ಎಣ್ಣೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪವೂ ಗಾಬರಿಯಾಗದೆ, ಬ್ಯಾನಿ ಶುರುವಾಗಿ ಎಷ್ಟು ಹೊತ್ತಾಯಿತು, ಚೊಚ್ಚಲೋ ಎರಡನೆಯದೋ ಎಂದು ಕೇಳಿದಳು. ಇಂಥ ಮುಖ ಹೊತ್ತು ಅವಳ ಹಿತ್ತಿಲಲ್ಲಿ ಶತಪಥ ಹಾಕುವ ಗಂಡಸು ಒಬ್ಬನೇ ಜಾತಿಯವನು; ಹೆಂಡತಿಗೆ ನೋವು ಬಂದು ಸೂಲಗಿತ್ತಿಯನ್ನು ಕರೆಯಲು ಬಂದವನು. ನನಗೆ ಬೇರೆ ಯಾವ ದನಿಯೂ ಒದಗಲಿಲ್ಲ. ನಾನು ಸಿದ್ದಮ್ಮನ ಗಂಡ ಎಂದೆ.

"ಹೌದಾ," ಎಂದಳು ಮುದುಕಿ. ಬೂದಿಯ ಮೊರವನ್ನು ಕೆಳಗಿಟ್ಟು, ಹಿಂಬಾಗಿಲನ್ನು ಎಳೆದುಕೊಂಡಳು. "ದನಿ ತೆಗಿಯೋ ಮೇಷ್ಟ್ರು ನೀವೇ ಏನು? ಮೆಲ್ಲಕ ಮಾತಾಡ್ರಿ. ಈಗ ನಿದ್ದಿ ಹತ್ತೈತೆ ಅಕಿಗೆ."

ಅವಳು ಹುಲಿಗೆಮ್ಮ. ಮೊದಲು ಸೂಲಗಿತ್ತಿ, ಆಮೇಲೆ ಅದೇ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ, ಈಗ ಮನೆಯಲ್ಲಿ. ಒಳಗೆ ಏನು ನಡೆಯುತ್ತಿದೆ ಎಂದು ನಾನು ಕೇಳಿದ್ದಕ್ಕೆ, ನೀರು ಹಾಕುವುದು ನಡೆಯುತ್ತಿದೆ, ಇನ್ನೇನು ಎಂದಳು. ಆಸ್ಪತ್ರೆಯ ಹುಡುಗಿಯರು ಬರುತ್ತಾರಂತೆ, ಒಬ್ಬೊಬ್ಬರಾಗಿ. ಅವಳು ಎಣ್ಣೆ ತಿಕ್ಕುತ್ತಾಳೆ, ನೀರು ಹಾಕುತ್ತಾಳೆ, ಹೊಗೆ ಕೊಡುತ್ತಾಳೆ, ಕಿವಿಗೆ ಹತ್ತಿ ಇಟ್ಟು ಕಂಬಳಿ ಹೊದಿಸುತ್ತಾಳೆ. ಒಂದು ಗಂಟೆ ಅವರನ್ನು ಯಾರೂ ಸಿಸ್ಟರ್ ಎಂದು ಕರೆಯುವುದಿಲ್ಲ, ಅವ್ವಾ ಎಂದೂ ಕರೆಯುವುದಿಲ್ಲ. ಅಷ್ಟೇ.

ಹಡೆಯದವರಿಗೆ ಬಾಣಂತಿ ನೀರು ಯಾಕೆ ಎಂದೆ. ನಮ್ಮವ್ವನ ಪ್ರಶ್ನೆ, ನಮ್ಮವ್ವನ ದನಿಯಲ್ಲೇ ಬಂದುಬಿಟ್ಟಿತು.

ಹುಲಿಗೆಮ್ಮ ನನ್ನನ್ನು ದಿಟ್ಟಿಸಿದಳು. "ಹಡೆಯದಿದ್ರೆ ಏನಾತು, ದಿನಾ ಐದಾರು ಹೆರಿಗಿ ಅವ್ರ ಮೈಮ್ಯಾಲೆ ಹೋಗ್ತಾವು. ಇನ್ನ ನಿಮ್ಮಾಕಿ ಎರಡು ಹಡೆದಾಳಲ್ರಿ. ಎರಡರಾಗ ಒಂದಕ್ಕಾದ್ರೂ ಬಾಣಂತನ ಮಾಡಿದೋರು ಯಾರು, ಹೇಳ್ರಿ ನೋಡಾನ."

ನನಗೆ ಉತ್ತರ ಗೊತ್ತಿತ್ತು. ಸಿದ್ದಮ್ಮನಿಗೆ ತಾಯಿ ಇಲ್ಲ. ನಂದಿಗುಡಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳು. ಕೆಂಚಿ ಹುಟ್ಟಿದಾಗ ಆಸ್ಪತ್ರೆಯ ವಾರ್ಡಿನಲ್ಲೇ ಹತ್ತು ದಿನ ಇದ್ದು ಎದ್ದು ಬಂದಳು. ಮಗ ಹುಟ್ಟಿದಾಗ, ಊರಿಗೆಲ್ಲ ಬಾಣಂತನ ಹೇಳಿಕೊಡೋ ನರ್ಸಮ್ಮಗೆ ನಾನೇನು ಹೇಳಿಕೊಡಲಿ ಎಂದು ಅವ್ವ ಮೂರನೆಯ ದಿನಕ್ಕೇ ಒಕ್ಕಣೆಗೆಂದು ಕೊಕ್ಕನೂರಿಗೆ ಹೋದಳು. ಸಿದ್ದಮ್ಮ ತಾನೇ ನೀರು ತೋಡಿಕೊಂಡು, ತಾನೇ ಹಾಕಿಕೊಂಡಳು. ಅಂದು ಸಂಜೆ ನಾನು, ತನಗೆ ತಾನೇ ಸೂಜಿ ಚುಚ್ಚಿಕೊಳ್ಳುವ ಡಾಕ್ಟರನ ಅಣಕ ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು ಎಂದು ನನ್ನ ನೆನಪು.

ಶ್ರಾವಣದ ಆ ಎರಡು ರಾತ್ರಿಯನ್ನು ಹುಲಿಗೆಮ್ಮ ತಾನಾಗಿಯೇ ಹೇಳಿದಳು. ಮಾಯಕೊಂಡದ ಕಡೆಯಿಂದ ಗಾಡಿಯಲ್ಲಿ ಒಬ್ಬ ಹುಡುಗಿಯನ್ನು ತಂದಿದ್ದರು. ಹದಿನೇಳು ವರ್ಷ, ಚೊಚ್ಚಲು. ಮಗು ಉಳಿಯಿತು. ಹುಡುಗಿ ಸಿದ್ದಮ್ಮನ ಕೈ ಹಿಡಿದುಕೊಂಡೇ ಹೋದಳು. ಸತ್ತ ಮೇಲೆ ಬೆರಳು ಬಿಡಿಸಬೇಕಾಯಿತು. ಡಾಕ್ಟರಮ್ಮ, ನಿನ್ನದೇನೂ ತಪ್ಪಿಲ್ಲ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಹೋಗಲೇಬೇಕಲ್ಲ, ಅಲ್ಲಿ ಇನ್ನೊಬ್ಬಳಿಗೆ ನೋವು ಬಂದಿತ್ತು. ಸಿದ್ದಮ್ಮ ಡ್ಯೂಟಿ ಮುಗಿಸಿ ಇಲ್ಲಿಗೆ ಬಂದಳು. ಮನೆಗೆ ಹೋದರೆ ಮಕ್ಕಳನ್ನು ಮುಟ್ಟಲು ಕೈ ಬರುವುದಿಲ್ಲ ಎಂದಳು. ಎರಡು ರಾತ್ರಿ ಹುಲಿಗೆಮ್ಮನ ಪಕ್ಕದಲ್ಲೇ ಮಲಗಿದಳು.

ನನ್ನ ಹೆಂಡತಿಯ ಡಬಲ್ ಡ್ಯೂಟಿ ಅದು. ನಾನು ಗೋಡೆಗೆ ಒರಗಿದೆ.

"ಸಲ್ಪ ಸುಧಾರಿಸಿದ್ಲು ನೋಡ್ರಿ ಈ ನಡುವೆ," ಎಂದಳು ಮುದುಕಿ. "ನಿನ್ನೆ ಮತ್ತೊಂದು ಬಂದು ಕೂತೈತೆ. ದುರ್ಗದ ಆಫೀಸ್ನಾಗ ಯಾರೋ ಅಕಿ ಮ್ಯಾಲೆ ದೂರು ಕೊಟ್ಟಾರಂತ. ಮಾಯಕೊಂಡದ ಹುಡುಗಿ ಸಲುವಾಗೇ ಇರಬೇಕು, ನಾನೇ ಕೊಂದೆ ಅಂತ ಬರೆದಿರಬೇಕು ಅಂತ ಅಳ್ತಾಳೆ. ಸೋಮವಾರದೊಳಗ ಬರೆದು ಕೊಡಬೇಕಂತ. ಕೆಲಸ ಉಳಿಯಂಗಿಲ್ಲ ಅಂತಾಳೆ."

ಅನುಮಾನದೊಳಗೇ ಮಾನ ಅಡಗಿದೆ ಎಂದು ಕಾಲೇಜಿನ ದಿನಗಳಲ್ಲಿ ನಾನೊಂದು ಚಟಾಕಿ ಹಾರಿಸುತ್ತಿದ್ದೆ. ಆ ಮಾನ ಅಲ್ಲಿಂದ ಹೇಗೆ ಹೊರಟುಹೋಗುತ್ತದೆ ಎಂದು ಆ ಸಂದಿಯಲ್ಲಿ ನಿಂತು ತಿಳಿದುಕೊಂಡೆ. ತಿರುಗಿ ಆಸ್ಪತ್ರೆಯ ದಾರಿ ಹಿಡಿದೆ.

ಮೇಟ್ರನ್ ನಾಗರತ್ನಮ್ಮ ತಮ್ಮ ಕೋಣೆಯಲ್ಲಿ ಔಷಧಿಯ ಪಟ್ಟಿ ನೋಡುತ್ತಿದ್ದರು. ನಾನು ಯಾರೆಂದು ಹೇಳಿ, ಗುರುವಾರದ ಫೋನು ದುರ್ಗದ್ದಲ್ಲ, ನನ್ನದು ಎಂದೆ. ಅವರು ನಂಬಲಿಲ್ಲ. ಹೆಂಡತಿಯನ್ನು ಉಳಿಸಲು ಗಂಡ ಸುಳ್ಳು ಹೇಳಲು ಬಂದಿದ್ದಾನೆ ಎಂದು ಅವರ ಅನುಮಾನ. ಆ ದನಿಯನ್ನು ತಾವು ಬಲ್ಲರಂತೆ, ಅಂಥ ಗುಮಾಸ್ತರೊಡನೆ ಇಪ್ಪತ್ತು ವರ್ಷ ಹೆಣಗಿದ್ದಾರಂತೆ, ಅದು ನಕಲಿ ಇರಲು ಸಾಧ್ಯವೇ ಇಲ್ಲವಂತೆ. ನನ್ನ ಕಲೆಗೆ ಬದುಕಿನಲ್ಲಿ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು, ಬೇಡವಾದ ಹೊತ್ತಿನಲ್ಲಿ ಸಿಕ್ಕಿತು.

ಬೇರೆ ದಾರಿ ಇರಲಿಲ್ಲ. ಅವರ ಮೇಜಿನ ಮುಂದೆ ಕೈಕಟ್ಟಿ ನಿಂತು, ಇಲ್ಲದ ಎಲೆ ಅಡಿಕೆ ಜಗಿದು, ಉಗುಳು ನುಂಗಿ, ಬಂದೈತೆ, ಆಯಮ್ಮನ ಕಡೆಯಿಂದ ಲಿಖಿತ ಸಮಜಾಯಿಷಿ ತಗಂಡು ಇಟ್ಟಿರ್ರಿ ಎಂದೆ. ಮೂಗಿನಲ್ಲಿ ಟ್ರಂಕ್ ಕಾಲಿನ ಹೆಂಗಸನ್ನೂ ಕರೆದೆ. ಬಾಗಿಲಲ್ಲಿ ಇಬ್ಬರು ನರ್ಸುಗಳು ಬಂದು ನಿಂತಿದ್ದರು. ನನ್ನ ಆಟ ನೋಡಿ ಯಾರೂ ನಗದೇ ಇದ್ದದ್ದು ಅದೇ ಮೊದಲು.

ಮೇಟ್ರನ್ನರು ಔಷಧಿಯ ಪಟ್ಟಿಯನ್ನು ಮಡಿಸಿಟ್ಟರು. ಆಮೇಲೆ, ಬರೆದುಕೊಡಿ ಎಂದರು. ಜೇಬಿನಲ್ಲಿದ್ದ ಕಾಗದ ತೆಗೆದು ಅದರ ಹಿಂದೆ ಬರೆದೆ. ಹೆಂಡತಿಯ ಮೇಲೆ ಅನುಮಾನಪಟ್ಟು ಸುಳ್ಳು ಕರೆ ಮಾಡಿದೆ, ಯಾವ ಆಫೀಸಿನಿಂದಲೂ ದೂರು ಬಂದಿಲ್ಲ, ಸಹಿ. ಅವರು ಓದಿ, ಕಾಗದ ತಿರುಗಿಸಿ, ಆ ಬದಿಯ ರಾಜೀನಾಮೆಯನ್ನೂ ಓದಿದರು.

"ಇದರ ಬಗ್ಗೆ ಸಿದ್ದಮ್ಮಗೆ ಗೊತ್ತೈತೇನ್ರಿ?"

ಇಲ್ಲ ಎಂದೆ. ಅವರು ಕಾಗದವನ್ನು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು. ಎರಡೂ ಬದಿ ತಮ್ಮ ಹತ್ತಿರ ಇರಲಿ, ಬೇಕಾದಾಗ ಸಿದ್ದಮ್ಮನಿಗೆ ತೋರಿಸುತ್ತೇನೆ ಎಂದರು. ಬೀಗಕ್ಕೆ ಬಗ್ಗಿದಾಗ ಅವರ ಬಿಳಿ ಸೆರಗು ಜಾರಿತು. ಬಲಗಿವಿಯೊಳಗೆ ಒಂದು ಚೂರು ಹತ್ತಿ. ಅವರು ಸೆರಗು ಎಳೆದುಕೊಂಡು ನನ್ನನ್ನೇ ನೋಡಿದರು, ಇದರ ದನಿಯನ್ನೂ ತೆಗೆಯುತ್ತೀಯಾ ಎನ್ನುವಂತೆ. ನಾನು ನಮಸ್ಕಾರ ಮಾಡಿ ಹೊರಬಿದ್ದೆ.

ನಾಲ್ಕರ ಮೇಲಿನ ಬಸ್ಸಿನಲ್ಲಿ ಸಿದ್ದಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದಳು. ನಾನು ಹಿಂದೆ. ನನ್ನನ್ನು ನೋಡಿಯೂ ಅವಳಿಗೆ ಆಶ್ಚರ್ಯವಾಗಲಿಲ್ಲ; ಹುಲಿಗೆಮ್ಮ ಹೇಳಿದ್ದಳೆಂದು ಕಾಣುತ್ತದೆ. ಹರಿಹರದಲ್ಲಿ ಇಳಿದು ಹೊಳೆ ಕಡೆ ನಡೆಯುವಾಗ, ನಾನು ಎಲ್ಲವನ್ನೂ ಹೇಳಿದೆ. ಮೂಗು, ಚೀಲ, ಫೋನು, ಮೇಟ್ರನ್, ಡ್ರಾಯರು. ಒಂದನ್ನೂ ಬಿಡಲಿಲ್ಲ. ಅವಳು ನಡೆಯುತ್ತಲೇ ಕೇಳಿಸಿಕೊಂಡಳು. ದೂರು ಸುಳ್ಳು ಎಂದಾಗ ಮಾತ್ರ ಒಂದು ಕ್ಷಣ ನಿಂತು, ಬೇಲಿಯ ಕಂಬ ಹಿಡಿದುಕೊಂಡಳು.

"ಆ ಗುಮಾಸ್ತನ ದನಿ ತೆಗೀರಿ, ಕೇಳಾನ," ಎಂದಳು.

ದಾರಿಯಲ್ಲಿ ಮೆಲ್ಲಗೆ ತೆಗೆದೆ. ಅವಳು ಪೂರ್ತಿ ಕೇಳಿದಳು.

"ಈಗ ನನ್ನ ದನಿ ತೆಗೀರಿ."

ಬಾ‌ಯಿ ತೆರೆದೆ. ಹೆಡ್‌ಮಾಸ್ತರು ಬಂದರು, ಕಂಡಕ್ಟರು ಬಂದ, ಅವ್ವ ಬಂದಳು. ಸಿದ್ದಮ್ಮ ಬರಲಿಲ್ಲ. ಏಳು ವರ್ಷ ಒಂದೇ ಮನೆಯಲ್ಲಿದ್ದು ಅವಳ ದನಿಯಲ್ಲಿ ನನಗೆ ಗೊತ್ತಿದ್ದುದು ಮೂರೇ ಮಾತು: ಬಂದೆ, ಆತು, ಇಟ್ಟೀನಿ. ಮೂರನ್ನು ಕಟ್ಟಿ ಒಬ್ಬ ಮನುಷ್ಯಳನ್ನು ಮಾಡಲಾಗುವುದಿಲ್ಲ. ಗೋಡೆಯಾಚೆಯ ಇನ್ನೊಂದು ದನಿಯೂ ಗೊತ್ತಿತ್ತು. ಅದನ್ನು ತೆಗೆಯುವ ಧೈರ್ಯ ನನಗಿರಲಿಲ್ಲ.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಮಂಗಳವಾರ, ಶನಿವಾರ ನಾನು ಹುಲಿಗೆಮ್ಮಜ್ಜಿ ಮನಿಗೆ ಹೋಗ್ತೀನಿ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ. ಆ ಎರಡು ದಿನ ಮಕ್ಳು ನಿಮ್ಮವು." ಮತ್ತೆ ನಾಲ್ಕು ಹೆಜ್ಜೆ ನಡೆದು, "ಆಟ ಬ್ಯಾಡ. ಸುಮ್ನೆ ಊಟಕ್ಕೆ ಹಾಕ್ರಿ," ಎಂದಳು.

ಮನೆ ಬಂತು. ನಾನು ಮುಂಬಾಗಿಲಿಗೆ, ಅವಳು ಹಿತ್ತಿಲಿಗೆ. ಅವ್ವ ಒಲೆಯ ಮುಂದೆ ಕೂತು, ಏನು ಪತ್ತೆಯಾಯಿತು ಎಂದು ಕಣ್ಣಲ್ಲೇ ಕೇಳಿದಳು. ಹೇಳಿದೆ. ಮಾಯಕೊಂಡದ ಹುಡುಗಿಯ ಸಂಗತಿ ಕೇಳುವಾಗ ಅವಳ ಕೈ ಕಡ್ಡಿ ಮುರಿಯುವುದನ್ನು ನಿಲ್ಲಿಸಿತು. ಎರಡು ಹಡೆದರೂ ಬಾಣಂತನ ಇಲ್ಲ ಎಂದದ್ದು ಯಾರು ಎಂದು ಕೇಳಿದಳು. ಹುಲಿಗೆಮ್ಮ ಎಂದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮುದುಕಿಗೆ ಬೆಳ್ಳುಳ್ಳಿ ಸಿಪ್ಪೆ ಸುಡುವುದು ಬರುವುದಿಲ್ಲ, ಘಾಟು ಹೆಚ್ಚಾಗಿರುತ್ತದೆ, ಮೂರು ವಾರದಿಂದ ನೋಡುತ್ತಿದ್ದೇನೆ ಎಂದು ಗೊಣಗಿದಳು. ತಂಬಿಗೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ನಾನು ಮಕ್ಕಳೊಡನೆ ಹೊಸ್ತಿಲಲ್ಲಿ ನಿಂತೆ.

ಸಿದ್ದಮ್ಮ ಯಾವತ್ತಿನಂತೆ ಬಚ್ಚಲ ಕಲ್ಲಿನ ಮೇಲೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲಿಗೆ ನೀರು ಬೀಳುವುದನ್ನು ಕಾಯುತ್ತಿದ್ದಳು. ಅವ್ವ ಯಾವತ್ತಿನಂತೆ ಮೂರು ಮೊಳ ದೂರದಲ್ಲಿ ನಿಂತಳು. ತಂಬಿಗೆ ಎತ್ತಿದಳು. ನೀರು ಸುರಿಯಲಿಲ್ಲ. ಕಣ್ಣು ಕಿರಿದು ಮಾಡಿ ಸೊಸೆಯ ತಲೆಯ ಕಡೆ ನೋಡಿದಳು.

"ಒಂದೇ ಕಿವಿಗೆ ಇಟ್ಟು ಕಳಿಸ್ಯಾಳೆ. ಇನ್ನೊಂದು ಕಿವಿಗೆ ಗಾಳಿ ಹೊಕ್ಕಂಡ್ರೆ ಯಾರು ನೋಡೋರು?"

ಹತ್ತಿ ದಾರಿಯಲ್ಲಿ ಬಿದ್ದಿರಬೇಕು ಎಂದು ಸಿದ್ದಮ್ಮ ಹೇಳುತ್ತಿದ್ದಂತೆಯೇ, ಅವ್ವ ತಂಬಿಗೆ ಕೆಳಗಿಟ್ಟು ಒಳಗೆ ಹೋದಳು. ದೇವರ ಗೂಡಿನಲ್ಲಿ ದೀಪದ ಬತ್ತಿ ಹೊಸೆಯಲು ಇಟ್ಟಿದ್ದ ಡಬ್ಬಿ ತೆರೆಯುವ ಸದ್ದಾಯಿತು. ಆ ಡಬ್ಬಿಯನ್ನು ಸ್ನಾನ ಮಾಡದೆ ನಾನೂ ಮುಟ್ಟುವಂತಿರಲಿಲ್ಲ. ಒಂದು ಚಿಟಿಕೆ ಹತ್ತಿಯನ್ನು ಬೆರಳಲ್ಲಿ ಉರುಟು ಮಾಡುತ್ತ ಹೊರಬಂದಳು. ಆ ಮೂರು ಮೊಳವನ್ನು ದಾಟಿದಳು. ಸೊಸೆಯ ಗದ್ದ ಹಿಡಿದು, ಕುರಿಯ ಮುಖ ತಿರುಗಿಸಿದ ಹಾಗೆ ಒರಟಾಗಿ ತಿರುಗಿಸಿ, ಬಲಗಿವಿಗೆ ಹತ್ತಿ ತುರುಕಿದಳು. ಅದೇ ಕೈಯಲ್ಲಿ ತಲೆ ಸವರಿ, ಜಡೆ ಮೂಸಿ, ಸೀಗೆಯೂ ಹಳೆಯದು ಎಂದು ದೂರಿದಳು.

ಮಗ ನನ್ನ ಕಾಲಿನ ಸಂದಿಯಿಂದ ನುಸುಳಿ ಓಡಿಹೋಗಿ ತಾಯಿಯ ಸೀರೆ ಹಿಡಿದುಕೊಂಡ. ಅವ್ವ ಅವನನ್ನು ತಡೆಯಲಿಲ್ಲ.

ಸಿದ್ದಮ್ಮ ಕದಲದೆ ನಿಂತಿದ್ದಳು. ಅತ್ತೆ ತನ್ನನ್ನು ಮುಟ್ಟಿದ್ದೇಕೆ, ಇದರ ಹಿಂದೆ ಏನಿದೆ, ನಾಳೆ ಏನು ಕೇಳಲಿಕ್ಕಿದ್ದಾರೆ ಎಂದು ಅವಳ ಕಣ್ಣು ಅವ್ವನಿಂದ ನನ್ನ ಕಡೆಗೆ, ನನ್ನಿಂದ ಅವ್ವನ ಕಡೆಗೆ ಹೋಗಿಬಂತು. ಆ ನೋಟದ ಗುರುತು ನನಗೆ ಚೆನ್ನಾಗಿತ್ತು. ಐದು ದಿನ ಅದು ನನ್ನ ಮುಖದ ಮೇಲಿತ್ತು. ಈಗ ಅವಳ ಸರದಿ. ಅದು ಹೋಗಲು ಎಷ್ಟು ಮಂಗಳವಾರ, ಎಷ್ಟು ಶನಿವಾರ ಬೇಕೋ ಎಂದುಕೊಂಡು, ನಾನು ಮಕ್ಕಳ ತಟ್ಟೆ ತೊಳೆಯಲು ಒಳಗೆ ಹೋದೆ.